ಹಳೇ ಪೆಟ್ರೋಲ್ ಕಾರಿನ ಐಡ್ಲಿಂಗ್ ತೊಂದರೆಗೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್: ಕೋಡ್ ಬಿಡಿ, ಅಂಕಿ ನೋಡಿ

ಆನ್‌ಲೈನ್‌ನಲ್ಲಿ ಐನೂರರಿಂದ ಸಾವಿರ ರೂಪಾಯಿಯೊಳಗೆ ಸಿಗುವ ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್‌ನ, ಅಂದರೆ ಗಾಡಿಯ ಸಾಕೆಟ್‌ಗೆ ಸಿಕ್ಕಿಸಿದರೆ ಇಂಜಿನ್ ಕಂಪ್ಯೂಟರಿನ ಮಾಹಿತಿಯನ್ನು ಫೋನಿಗೆ ಕಳಿಸುವ ಡಬ್ಬಿಯ ವಿಮರ್ಶೆ ಇದು. ಹತ್ತು ಹದಿನೈದು ವರ್ಷ ಓಡಿದ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಡುಗುತ್ತಿದ್ದರೆ, ಕ್ಲಚ್ ಒತ್ತಿದ ಕೂಡಲೇ ಆಫ್ ಆಗುತ್ತಿದ್ದರೆ, ಎಸಿ ಹಾಕಿದೊಡನೆ ಕುಸಿಯುತ್ತಿದ್ದರೆ ಈ ಡಬ್ಬಿಯಿಂದ ಏನಾದರೂ ಗೊತ್ತಾಗುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ದೋಷದ ಕೋಡ್ ಓದುವ ಯಂತ್ರ ಅಂತ ನೋಡಿದರೆ ಹತ್ತಕ್ಕೆ ನಾಲ್ಕು ಅಂಕ. ಲೈವ್ ಡೇಟಾ, ಅಂದರೆ ಇಂಜಿನ್ ಓಡುವಾಗಿನ ಅಂಕಿ ತೋರಿಸುವ ಮೀಟರ್ ಅಂತ ನೋಡಿದರೆ ಎಂಟು.

ಈ ವ್ಯತ್ಯಾಸ ಏಕೆಂದರೆ, ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದು) ಕೆಟ್ಟ ಹಳೇ ಗಾಡಿಗಳಲ್ಲಿ ಬಹಳಷ್ಟು ಸಲ ಚೆಕ್ ಲೈಟ್ ಹತ್ತುವುದೇ ಇಲ್ಲ. ಸೆನ್ಸರ್‌ನ ವೋಲ್ಟೇಜ್ ಮಿತಿ ದಾಟಿದರೆ, ವೈರ್ ತುಂಡಾದರೆ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಕೋಡ್ ಬರೆದಿಡುತ್ತದೆ. ಇಂಜಿನ್‌ಗೆ ಹೋಗುವ ಗಾಳಿ ನಿಯಂತ್ರಿಸುವ ಥ್ರಾಟಲ್ ಬಾಡಿಗೆ ಕಾರ್ಬನ್ ಕಟ್ಟಿದ್ದು, ಬ್ರೇಕ್ ಬೂಸ್ಟರ್ ಹೋಸ್ ಸೀಳಿದ್ದು, ಪ್ಲಗ್ ಗ್ಯಾಪ್ ದೊಡ್ಡದಾದದ್ದು ಅದರ ಲೆಕ್ಕಕ್ಕೆ ಸುಲಭವಾಗಿ ಬರುವುದಿಲ್ಲ. ಸ್ಕ್ಯಾನರ್ ಹಾಕಿ "ನೋ ಫಾಲ್ಟ್" ಅಂತ ಬಂದರೆ ಗಾಡಿ ಸರಿಯಿದೆ ಎಂದಲ್ಲ, ಕೆಲಸ ಇನ್ನು ಶುರು ಎಂದರ್ಥ.

ಕೊಳ್ಳುವ ಮುನ್ನ ಗಾಡಿಯ ವರ್ಷ ನೋಡಿ. ಭಾರತದಲ್ಲಿ ಓಬಿಡಿಯ (ಗಾಡಿ ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ) ಮೊದಲ ಹಂತ ಬಂದದ್ದು 2010ರ ಏಪ್ರಿಲ್‌ನಲ್ಲಿ, ಬಿಎಸ್4 ಮಾಲಿನ್ಯ ನಿಯಮದ ಜತೆಗೆ. ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ. 2013ರ ನಂತರದ ಗಾಡಿಯಾದರೆ ಚಿಂತೆಯಿಲ್ಲ. 2010ಕ್ಕಿಂತ ಹಿಂದಿನದಾದರೆ ಅದೃಷ್ಟ. ಸ್ಟೀರಿಂಗ್ ಕೆಳಗೆ 16 ಪಿನ್ ಸಾಕೆಟ್ ಇದ್ದ ಮಾತ್ರಕ್ಕೆ ಮಾತಾಡುತ್ತದೆ ಎನ್ನುವಂತಿಲ್ಲ. ಹಳೇ ಮಾರುತಿಗಳಲ್ಲಿ ಹಲವು ಸುಜುಕಿಯ ಸ್ವಂತ ಪ್ರೋಟೋಕಾಲ್‌ನಲ್ಲಿವೆ, ಅವಕ್ಕೆ ಕಂಪನಿ ಸ್ಕ್ಯಾನರ್ ಅಥವಾ ಗ್ಯಾರೇಜಿನ ಮಲ್ಟಿಬ್ರಾಂಡ್ ಸ್ಕ್ಯಾನರ್ ಬೇಕು. ಸಾಕೆಟ್‌ಗೆ ಟಾರ್ಚ್ ಬಿಟ್ಟು ನೋಡಿ: 6 ಮತ್ತು 14ನೇ ಜಾಗದಲ್ಲಿ ಪಿನ್ ಇದ್ದರೆ ಕ್ಯಾನ್, 7ನೇ ಜಾಗದಲ್ಲಿ ಮಾತ್ರ ಇದ್ದರೆ ಕೆ-ಲೈನ್. ಇವೆರಡೂ ಇಸಿಯು ಮಾತಾಡುವ ಬೇರೆ ಬೇರೆ ಭಾಷೆಗಳು. ಇದನ್ನು ತಿಳಿದುಕೊಳ್ಳದೆ ಆರ್ಡರ್ ಮಾಡಬೇಡಿ. ಡಬ್ಬಿಯ ಮೇಲೆ "2.1" ಅಂತ ಅಚ್ಚಾದ ಅತಿ ಅಗ್ಗದ ನಕಲುಗಳಲ್ಲಿ ಅನೇಕವು ಕ್ಯಾನ್ ಗಾಡಿಗಳಿಗೆ ಓಗೊಡುತ್ತವೆ, ಕೆ-ಲೈನ್ ಗಾಡಿಗೆ ಹಾಕಿದರೆ "ಕನೆಕ್ಟಿಂಗ್" ಎನ್ನುತ್ತಾ ಕೂರುತ್ತವೆ. "1.5" ಎಂದು ಮಾರುವವು ಸಾಮಾನ್ಯವಾಗಿ ಎರಡಕ್ಕೂ ಆಗುತ್ತವೆ, ಆದರೆ ಅಚ್ಚಿಗೂ ಒಳಗಿನ ಚಿಪ್‌ಗೂ ಸಂಬಂಧವೇ ಇಲ್ಲದ ಡಬ್ಬಿಗಳೂ ಇವೆ. ವಾಪಸು ತೆಗೆದುಕೊಳ್ಳುವ ಮಾರಾಟಗಾರರಿಂದಲೇ ಕೊಂಡು, ಬಂದ ದಿನವೇ ನಿಮ್ಮ ಗಾಡಿಗೆ ಹಾಕಿ ನೋಡಿ.

ಐಫೋನ್‌ನವರು ಇನ್ನೊಂದು ಗಮನಿಸಬೇಕು. ಸಾಮಾನ್ಯ ಬ್ಲೂಟೂತ್ ಅಡಾಪ್ಟರ್ ಐಫೋನ್‌ಗೆ ಆಗುವುದಿಲ್ಲ, ವೈಫೈ ಅಥವಾ ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಬ್ಲೂಟೂತ್) ಮಾದರಿ ಬೇಕು. ಆಂಡ್ರಾಯ್ಡ್‌ಗೆ ಯಾವುದಾದರೂ ಸರಿ. ಪೇರಿಂಗ್ ಪಿನ್ 1234 ಅಥವಾ 0000. ಟಾರ್ಕ್, ಕಾರ್ ಸ್ಕ್ಯಾನರ್ ಎರಡೂ ಆ್ಯಪ್ ಚೆನ್ನಾಗಿವೆ. ಎರಡನೆಯದರಲ್ಲಿ ಕಂಪನಿವಾರು ಪ್ರೊಫೈಲ್ ಆರಿಸಬಹುದಾದ್ದರಿಂದ ಐಡ್ಲಿಂಗ್ ಕೆಲಸಕ್ಕೆ ಅದೇ ಮೇಲು.

ಇಂಜಿನ್ ಪೂರ್ತಿ ಬಿಸಿಯಾಗಿ, ರೇಡಿಯೇಟರ್ ಫ್ಯಾನ್ ಒಮ್ಮೆ ಓಡಿ ನಿಂತ ಮೇಲೆ, ಎಸಿ ಮತ್ತು ಲೈಟ್ ಆಫ್ ಮಾಡಿ ಕುಳಿತು ನೋಡುವ ಅಂಕಿಗಳೇ ಈ ಡಬ್ಬಿಯ ನಿಜವಾದ ಬೆಲೆ. ಇಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಸಣ್ಣ ನಾಲ್ಕು ಸಿಲಿಂಡರ್ ಗಾಡಿ ಆರೋಗ್ಯವಾಗಿದ್ದರೆ ಪರದೆ ಹೆಚ್ಚುಕಡಿಮೆ ಹೀಗಿರುತ್ತದೆ: ಆರ್‌ಪಿಎಂ 800ರಿಂದ 880, ಮ್ಯಾನಿಫೋಲ್ಡ್ ಪ್ರೆಶರ್ 30ರಿಂದ 38 ಕಿಲೋಪಾಸ್ಕಲ್, ಕೂಲಂಟ್ 85ರಿಂದ 95 ಡಿಗ್ರಿ, ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಪೆಟ್ರೋಲ್ ಲೆಕ್ಕಕ್ಕೆ ಇಸಿಯು ಮಾಡಿಕೊಳ್ಳುವ ಶೇಕಡಾವಾರು ತಿದ್ದುಪಡಿ) ಸೊನ್ನೆಯ ಆಚೆ ಈಚೆ ಐದರೊಳಗೆ, ಶಾರ್ಟ್ ಟರ್ಮ್ ಸದಾ ಸಣ್ಣಗೆ ಮೇಲೆ ಕೆಳಗೆ, ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಸಮಯ) 5ರಿಂದ 15 ಡಿಗ್ರಿಯೊಳಗೆ, ವೋಲ್ಟೇಜ್ 13.8ರಿಂದ 14.4. ಗಾಡಿ ಸರಿಯಿರುವಾಗಲೇ ಈ ಪರದೆಯ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಇಂಟರ್ನೆಟ್ಟಿನಲ್ಲಿ ಸಿಗುವ ಯಾವ ಕೋಷ್ಟಕಕ್ಕಿಂತಲೂ ನಿಮ್ಮದೇ ಗಾಡಿಯ ಹಳೇ ಅಂಕಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೊದಲು ಆರ್‌ಪಿಎಂ. ಸ್ಟೀರಿಂಗ್, ಗೇರ್ ಲಿವರ್ ನಡುಗುತ್ತಿವೆ, ಆದರೆ ಪರದೆಯಲ್ಲಿ ಆರ್‌ಪಿಎಂ 850ರ ಸುತ್ತ ಇಪ್ಪತ್ತಕ್ಕಿಂತ ಹೆಚ್ಚು ಅಲ್ಲಾಡುತ್ತಿಲ್ಲ ಎಂದರೆ ಇಂಜಿನ್ ಮೌಂಟಿಂಗ್ ಕಡೆ ನೋಡಿ. ಇದೊಂದೇ ಪರೀಕ್ಷೆಯಿಂದ ಡಬ್ಬಿಯ ದುಡ್ಡು ವಾಪಸು ಬರುತ್ತದೆ. ಮೌಂಟಿಂಗ್ ರಬ್ಬರ್ ಕುಸಿದ ಗಾಡಿಗೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಕ್ಲೀನಿಂಗ್ ಅಂತ ಸಾವಿರಾರು ರೂಪಾಯಿ ಸುರಿಯುವುದು ಗ್ಯಾರೇಜುಗಳಲ್ಲಿ ದಿನನಿತ್ಯ ನಡೆಯುವ ಕಥೆ.

ಆಮೇಲೆ ಕೂಲಂಟ್ ಟೆಂಪರೇಚರ್. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಗ್ಗೆ ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ ಕೂಲಂಟ್ ಮತ್ತು ಇನ್‌ಟೇಕ್ ಗಾಳಿಯ ಉಷ್ಣತೆ ಎರಡನ್ನೂ ನೋಡಿ. ಎರಡರ ನಡುವೆ ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಮೈನಸ್ 40 ಅಂತ ಬಂದರೆ ವೈರ್ ಅಥವಾ ಕಪ್ಲರ್ ಕಿತ್ತಿದೆ. ಅರ್ಧ ಗಂಟೆ ಓಡಿಸಿದರೂ 65, 70 ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ, ಅಥವಾ ಹಿಂದೆ ಯಾರೋ "ಹೀಟ್ ಆಗಲ್ಲ ಬಿಡಿ ಸಾರ್" ಅಂತ ಅದನ್ನು ತೆಗೆದೇ ಎಸೆದಿದ್ದಾರೆ. ನಮ್ಮ ಕಡೆ ಎರಡನೆಯದೇ ಹೆಚ್ಚು. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡ ಇಸಿಯು ಪೆಟ್ರೋಲ್ ಹೆಚ್ಚು ಬಿಡುತ್ತಲೇ ಇರುತ್ತದೆ. ಪ್ಲಗ್ ಕಪ್ಪಾಗುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ, ಮೈಲೇಜ್ ಬೀಳುತ್ತದೆ. ಥರ್ಮೋಸ್ಟಾಟ್ ವಾಪಸು ಹಾಕಿಸುವುದೊಂದೇ ದಾರಿ.

ಇನ್ನು ವ್ಯಾಕ್ಯೂಮ್ ಲೀಕ್, ಅಂದರೆ ಥ್ರಾಟಲ್ ದಾಟಿದ ಮೇಲೆ ಸೀಳಿದ ಜಾಗದಿಂದ ಗಾಳಿ ನುಸುಳುವುದು. ಇಲ್ಲಿ ವಿದೇಶಿ ವಿಡಿಯೋಗಳನ್ನು ನೋಡಿ ಕಲಿತವರು ಎಡವುತ್ತಾರೆ. "ಐಡ್ಲಿಂಗ್‌ನಲ್ಲಿ ಫ್ಯುಯಲ್ ಟ್ರಿಮ್ ಪ್ಲಸ್ 20, ರೇಸ್ ಕೊಟ್ಟಾಗ ಸರಿಯಾದರೆ ಲೀಕ್" ಎಂಬ ಸೂತ್ರ ಗಾಳಿಯನ್ನು ನೇರವಾಗಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಗಳದ್ದು. ನಮ್ಮ ರಸ್ತೆಯ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವು ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುವಂಥವು. ಕಳ್ಳದಾರಿಯಿಂದ ಗಾಳಿ ಒಳಬಂದರೂ ಒತ್ತಡ ಏರುತ್ತದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಕೊಟ್ಟುಬಿಡುತ್ತದೆ. ಹಾಗಾಗಿ ಟ್ರಿಮ್ ಸೊನ್ನೆಯ ಹತ್ತಿರವೇ ಉಳಿಯುತ್ತದೆ, ಬದಲಿಗೆ ಐಡ್ಲಿಂಗ್ ಏರುತ್ತದೆ. ಅದನ್ನು ಇಳಿಸಲು ಇಸಿಯು ಐಡ್ಲಿಂಗ್‌ಗೆ ಬೇಕಾದ ಗಾಳಿ ಬಿಡುವ ಐಡಲ್ ವಾಲ್ವ್ ಮುಚ್ಚುತ್ತದೆ, ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಮ್ಯಾಪ್ ಗಾಡಿಯಲ್ಲಿ ಲೀಕ್‌ನ ಗುರುತು ಈ ಮೂರು: ಒತ್ತಡ 38ರ ಬದಲು 45ರಿಂದ 50, ಆರ್‌ಪಿಎಂ ಮೇಲೆಯೇ ನಿಲ್ಲುವುದು ಅಥವಾ ಏರಿಳಿಯುವುದು, ಟೈಮಿಂಗ್ ಸೊನ್ನೆಯ ಕಡೆ ಜಾರುವುದು. ಲೀಕ್ ಒಂದೇ ಸಿಲಿಂಡರಿನ ದಾರಿಯ ಹತ್ತಿರವಿದ್ದರೆ ಆ ಸಿಲಿಂಡರ್‌ಗೆ ಮಾತ್ರ ಗಾಳಿ ಹೆಚ್ಚಾಗಿ ಮಿಸ್ಸಿಂಗ್ ಹೊಡೆಯುತ್ತದೆ.

ಐಡಲ್ ವಾಲ್ವ್ ಎಷ್ಟು ತೆರೆದಿದೆ ಎಂಬುದು ಓಬಿಡಿಯ ಸಾಮಾನ್ಯ ಪಟ್ಟಿಯಲ್ಲಿ ಇಲ್ಲ. ಕಂಪನಿ ಪ್ರೊಫೈಲ್ ಹಾಕಿ ಸಿಕ್ಕಿದರೆ ಪುಣ್ಯ, ಸಿಗದಿದ್ದರೆ ಟೈಮಿಂಗ್ ನೋಡಿ ಅಂದಾಜು ಮಾಡಬೇಕು. ಡಬ್ಬಿಯ ದೊಡ್ಡ ಕೊರತೆ ಇದೇ.

ಲೀಕ್ ಹುಡುಕುವಾಗ ಇಕ್ಕಳಕ್ಕೆ ಬಟ್ಟೆ ಸುತ್ತಿ ಒಂದೊಂದೇ ಹೋಸ್ ಹಿಸುಕಿ ಆರ್‌ಪಿಎಂ ನೋಡಿ. ಬ್ರೇಕ್ ಬೂಸ್ಟರ್ ಹೋಸ್ ಹಿಸುಕಿದಾಗ ಐಡ್ಲಿಂಗ್ ಸರಿಯಾದರೆ, ಅಥವಾ ಬ್ರೇಕ್ ತುಳಿದು ಹಿಡಿದಾಗಲೇ ಗಾಡಿ ಆಫ್ ಆಗುವಂತಾದರೆ ಬೂಸ್ಟರ್ ಡಯಾಫ್ರಂ ಹೋಗಿದೆ. ಇಂಜಿನ್ ಒಳಗಿನ ಆವಿ ಎಳೆಯುವ ಪಿಸಿವಿ ಹೋಸ್ ಹಿಸುಕಿದರೆ ಆರ್‌ಪಿಎಂ ಸ್ವಲ್ಪ ಇಳಿಯುವುದು ಸಹಜ, ನೂರಿನ್ನೂರು ಇಳಿದು ನಡುಕ ನಿಂತರೆ ವಾಲ್ವ್ ಬದಲಾಯಿಸಿ. ಇನ್‌ಟೇಕ್ ಗ್ಯಾಸ್ಕೆಟ್‌ಗೆ ಕಾರ್ಬ್ ಕ್ಲೀನರ್ ಹೊಡೆದು ನೋಡುವ ಹಳೇ ಪದ್ಧತಿ ಬೇಡ. ಹಲವು ಗಾಡಿಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗೇಣುದೂರದಲ್ಲೇ ಇರುತ್ತದೆ, ಬೆಂಕಿ ಹತ್ತುತ್ತದೆ. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಸಣ್ಣಗೆ ಹೊಡೆಯಿರಿ, ಸೀಳಿದ ಜಾಗದಲ್ಲಿ ನೀರು ಒಳಗೆಳೆದುಕೊಂಡು ಐಡ್ಲಿಂಗ್ ಕ್ಷಣಕಾಲ ಬದಲಾಗುತ್ತದೆ.

ಟ್ರಿಮ್ ಪ್ಲಸ್ ಕಡೆ 15, 20 ಹೋಗಿದ್ದರೆ ಮ್ಯಾಪ್ ಗಾಡಿಯಲ್ಲಿ ಮೊದಲ ಅನುಮಾನ ಪೆಟ್ರೋಲ್ ಮೇಲೆ: ಫಿಲ್ಟರ್, ಪಂಪ್, ಇಂಜೆಕ್ಟರ್. ಸೈಲೆನ್ಸರಿನ ಮುಂದಿನ ಪೈಪ್ ಸೀಳಿ ಆಕ್ಸಿಜನ್ ಸೆನ್ಸರ್ ಹೊರಗಿನ ಗಾಳಿ ಮೂಸಿದರೂ ಹೀಗೇ ಆಗುತ್ತದೆ. ಇಲ್ಲಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಲೆಕ್ಕವೂ ಸೇರಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಈಗ ಬಹುತೇಕ ಎಲ್ಲ ಬಂಕುಗಳಲ್ಲೂ ಇದೆ. ಎಥನಾಲ್ ಶೇ 10ರಿಂದ 20ಕ್ಕೆ ಏರಿದರೆ ಅಷ್ಟೇ ಗಾಳಿಗೆ ಸುಮಾರು ಶೇ 4 ಹೆಚ್ಚು ಇಂಧನ ಬೇಕು. ಹಳೇ ಗಾಡಿಯ ಲಾಂಗ್ ಟರ್ಮ್ ಟ್ರಿಮ್ ಮೊದಲಿಗಿಂತ ಮೂರು ನಾಲ್ಕು ಏರಿದ್ದರೆ ಅದನ್ನು ರೋಗವೆಂದು ಹಿಡಿಯಬೇಡಿ. ಮೊದಲೇ ಪ್ಲಸ್ 12ರಲ್ಲಿ ಏದುಸಿರು ಬಿಡುತ್ತಿದ್ದ ಗಾಡಿಗೆ ಮಾತ್ರ ಈ ನಾಲ್ಕು ಹೊರೆಯಾಗುತ್ತದೆ.

ಮೈನಸ್ ಕಡೆ ಹೋದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಪೆಟ್ರೋಲ್ ಟ್ಯಾಂಕಿನ ಆವಿ ಎಳೆಯುವ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಹೊರಟೊಡನೆ ಗಾಡಿ ಒದ್ದಾಡುತ್ತದೆ, ಸೆಲ್ಫ್ ಉದ್ದಕ್ಕೆ ಹೊಡೆಯಬೇಕಾಗುತ್ತದೆ. ಮ್ಯಾನಿಫೋಲ್ಡ್ ಕಡೆಯ ಅದರ ಹೋಸ್ ಬಿಚ್ಚಿ, ಎರಡೂ ಬಾಯಿ ಮುಚ್ಚಿ ನೋಡಿ. ಸರಿಯಾದರೆ ಕಳ್ಳ ಸಿಕ್ಕಿದ. ಮ್ಯಾಪ್ ಸೆನ್ಸರ್‌ಗೆ ಹೋಗುವ ಸಣ್ಣ ರಬ್ಬರ್ ಪೈಪ್ ಸೀಳಿದ್ದರೂ ಟ್ರಿಮ್ ಮೈನಸ್ಸೇ: ಒತ್ತಡ ಹೆಚ್ಚಿದೆ ಎಂದು ತಪ್ಪು ತಿಳಿದ ಇಸಿಯು ಪೆಟ್ರೋಲ್ ಸುರಿಯುತ್ತದೆ. ಸೆನ್ಸರ್ ನಿಜ ಹೇಳುತ್ತಿದೆಯೇ ಎಂದು ತಿಳಿಯಲು ಒಂದು ಪೈಸೆ ಖರ್ಚಿಲ್ಲ. ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ. ಆಗ ಕಾಣುವುದು ಊರಿನ ವಾಯುಭಾರ. ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಹತ್ತಿರ, ಮೈಸೂರಿನಲ್ಲಿ 92 ಅಥವಾ 93, ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88 ಬರಬೇಕು. ಬೆಂಗಳೂರಿನಲ್ಲಿ ನಿಂತ ಗಾಡಿ 101 ತೋರಿಸಿದರೆ ಆ ಸೆನ್ಸರ್‌ನ ಮಾತು ನಂಬಬೇಡಿ.

ಗಾಡಿ ಆಫ್ ಆಗುವ ಸಂದರ್ಭವೇ ಅರ್ಧ ಉತ್ತರ. ಸಿಗ್ನಲ್ ಹತ್ತಿರ ಬಂದು ಕ್ಲಚ್ ಒತ್ತಿದಾಗ ಆರ್‌ಪಿಎಂ 850ರಲ್ಲಿ ನಿಲ್ಲದೆ 400ಕ್ಕೆ ಜಾರಿ ಆಫ್ ಆದರೆ ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವ್ ಕೊಳೆಯಾಗಿವೆ. ಎಸಿ ಅಥವಾ ಹೆಡ್‌ಲೈಟ್ ಹಾಕಿದಾಗ ಆಫ್ ಆದರೆ ವೋಲ್ಟೇಜ್ ನೋಡಿ. 12.5ಕ್ಕಿಂತ ಕೆಳಗೆ ಬಿದ್ದರೆ ಆಲ್ಟರ್ನೇಟರ್, ಬೆಲ್ಟ್, ಇಲ್ಲವೇ ಅರ್ತ್ ವೈರ್. ಎಲ್ಲಕ್ಕಿಂತ ತಲೆನೋವಿನದು ಚೆನ್ನಾಗಿ ಬಿಸಿಯಾದ ಮೇಲೆ, ಸೂಚನೆಯೇ ಇಲ್ಲದೆ ಸ್ವಿಚ್ ಒತ್ತಿದಂತೆ ಆಫ್ ಆಗಿ, ಕಾಲು ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವುದು. ಹಳೇ ಗಾಡಿಗಳಲ್ಲಿ ಇದು ಹೆಚ್ಚಾಗಿ ಇಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್. ಆಫ್ ಆದ ಜಾಗದಲ್ಲೇ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ನೋಡಿ. 150ರಿಂದ 250 ಕಂಡರೆ ಸೆನ್ಸರ್ ಬದುಕಿದೆ, ಪೆಟ್ರೋಲ್ ಪಂಪ್ ಮತ್ತು ಅದರ ರಿಲೇ ಕಡೆ ಹೋಗಿ. ಇಂಜಿನ್ ತಿರುಗುತ್ತಿದ್ದರೂ ಸೊನ್ನೆಯೇ ಇದ್ದರೆ ಸೆನ್ಸರ್ ಅಥವಾ ಅದರ ಕಪ್ಲರ್. ಪಿ0335 ಕೋಡ್ ಬರಬಹುದು, ಬರದೆಯೂ ಇರಬಹುದು. ಅಗ್ಗದ ಡಬ್ಬಿ ಇಲ್ಲಿ ಕೈಕೊಡುವುದುಂಟು: ಸೆಲ್ಫ್ ಹೊಡೆದಾಗ ವೋಲ್ಟೇಜ್ ಬಿದ್ದು ಅಡಾಪ್ಟರೇ ರೀಸೆಟ್ ಆಗಿ ಕನೆಕ್ಷನ್ ಕಡಿದುಕೊಳ್ಳುತ್ತದೆ. ಕೆ-ಲೈನ್ ಗಾಡಿಗಳಲ್ಲಿ ಅಂಕಿಗಳು ಬದಲಾಗುವುದೂ ನಿಧಾನ, ಆದ್ದರಿಂದ ಹತ್ತು ಡಯಲ್ ಇಟ್ಟುಕೊಳ್ಳದೆ ಆರ್‌ಪಿಎಂ ಒಂದನ್ನೇ ತೆರೆದಿಡಿ.

ಯಾವ ಸಿಲಿಂಡರ್ ಮಿಸ್ಸಿಂಗ್ ಎಂಬುದಕ್ಕೂ ಡಬ್ಬಿ ಪರೋಕ್ಷವಾಗಿ ನೆರವಾಗುತ್ತದೆ. ಐಡ್ಲಿಂಗ್‌ನಲ್ಲಿ ಇಂಜೆಕ್ಟರ್ ಕಪ್ಲರ್ ಒಂದೊಂದಾಗಿ ಕಿತ್ತು ಆರ್‌ಪಿಎಂ ಎಷ್ಟು ಬೀಳುತ್ತದೆ ನೋಡಿ. ಮೂರು ಸಿಲಿಂಡರ್‌ಗಳಲ್ಲಿ ತಲಾ ನೂರು ಬಿದ್ದು ಒಂದರಲ್ಲಿ ಏನೂ ಬೀಳದಿದ್ದರೆ ಕೆಲಸ ಮಾಡದ್ದು ಅದೇ. ಆ ಪ್ಲಗ್ ಮತ್ತು ಕಾಯಿಲನ್ನು ಪಕ್ಕದ ಸಿಲಿಂಡರ್‌ಗೆ ಬದಲಿಸಿ. ದೋಷ ಜತೆಗೇ ಹೋದರೆ ಬಿಡಿಭಾಗದ್ದು, ಅಲ್ಲೇ ಉಳಿದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್. ಪ್ಲಗ್ ವೈರ್ ಕಿತ್ತು ಪರೀಕ್ಷಿಸುವ ಹಳೇ ಅಭ್ಯಾಸ ಬಿಡಿ. ಶಾಕ್ ಹೊಡೆಯುವುದು ಒಂದು ಕಡೆ, ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುವುದು ಇನ್ನೊಂದು ಕಡೆ.

ಕಂಪ್ರೆಷನ್, ವಾಲ್ವ್, ಟೈಮಿಂಗ್ ಬೆಲ್ಟ್ ವಿಷಯಕ್ಕೆ ಬಂದರೆ ಸ್ಕ್ಯಾನರ್‌ಗಿಂತ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಟೂಲ್ಸ್ ಅಂಗಡಿಗಳಲ್ಲಿ ಸಿಗುವ ಸಾದಾ ವ್ಯಾಕ್ಯೂಮ್ ಗೇಜ್ ಮೇಲು. ಕಾರ್ಬ್ಯುರೇಟರ್ ಮಾರುತಿ 800, ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗಂತೂ ಇದೊಂದೇ ಆಸರೆ. ಥ್ರಾಟಲ್‌ನ ಕೆಳಗಿನ ಯಾವುದಾದರೂ ಮ್ಯಾನಿಫೋಲ್ಡ್ ಹೋಸ್‌ಗೆ ಸೇರಿಸಿ. ಡಯಲ್ ಮೇಲಿನ ಹಸಿರು ಪಟ್ಟಿ, ಅಂದರೆ 17ರಿಂದ 21 ಇಂಚು ಪಾದರಸ, ಸಮುದ್ರಮಟ್ಟಕ್ಕೆ ಬರೆದದ್ದು. ಸಾವಿರ ಅಡಿ ಏರಿದಂತೆ ಒಂದು ಇಂಚು ಕಳೆಯಬೇಕು. ಬೆಂಗಳೂರು ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ 14ರಿಂದ 18 ಬಂದರೆ ಇಂಜಿನ್ ಚೆನ್ನಾಗಿದೆ. ಇದು ತಿಳಿಯದೆ "ವ್ಯಾಕ್ಯೂಮ್ ಕಮ್ಮಿ" ಎಂದು ಹೆಡ್ ಬಿಚ್ಚಿಸಿದವರಿದ್ದಾರೆ. ಆ್ಯಪ್‌ನಲ್ಲಿ ಕಾಣುವ 30ರಿಂದ 38 ಕಿಲೋಪಾಸ್ಕಲ್ ಮಾತ್ರ ಕರಾವಳಿಗೂ ಬಯಲುಸೀಮೆಗೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ಐಡ್ಲಿಂಗ್‌ಗೆ ಬೇಕಾದ ಗಾಳಿಯ ತೂಕ ಎಲ್ಲಿದ್ದರೂ ಅಷ್ಟೇ.

ಗೇಜ್‌ನ ಮುಳ್ಳು ತಾಳ ಹಾಕಿದಂತೆ ಒಂದೇ ಸಮನೆ ಕೆಳಕ್ಕೆ ಕುಟುಕುತ್ತಿದ್ದರೆ ಒಂದು ವಾಲ್ವ್ ಕೂರುತ್ತಿಲ್ಲ. ಗ್ಯಾಸ್ ಕಿಟ್ ಹಾಕಿಸಿ ವರ್ಷಗಟ್ಟಲೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು) ನೋಡಿಸದ ಗಾಡಿಗಳಲ್ಲಿ ಇದು ಸಾಮಾನ್ಯ: ವಾಲ್ವ್ ಸೀಟ್ ಸವೆದು, ಗ್ಯಾಪ್ ಮುಚ್ಚಿಹೋಗಿ, ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮುಳ್ಳು ಅಲ್ಲಾಡದೆ 10ರ ಹತ್ತಿರ ಮಂಕಾಗಿ ನಿಂತಿದ್ದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಿಗಿದಿರಬಹುದು. ಇದನ್ನು ಐನೂರು ರೂಪಾಯಿಯ ಸ್ಕ್ಯಾನರ್ ಹೇಳುವುದಿಲ್ಲ.

ಥ್ರಾಟಲ್ ಬಾಡಿ ಕ್ಲೀನರ್ ಬಗ್ಗೆ ಚಿಕ್ಕದಾಗಿ. ಸ್ಪ್ರೇ ಕ್ಯಾನ್ ಮೇಲೆ "ಥ್ರಾಟಲ್ ಬಾಡಿ" ಎಂದು ಬರೆದದ್ದನ್ನೇ ಕೊಳ್ಳಿ, ಖಾರವಾದ ಕಾರ್ಬ್ ಕ್ಲೀನರ್ ಎಲೆಕ್ಟ್ರಾನಿಕ್ ಥ್ರಾಟಲ್‌ನ ಲೇಪ ತಿನ್ನುತ್ತದೆ. ನೇರ ಹೊಡೆಯದೆ ಬಟ್ಟೆಗೆ ಹೊಡೆದು ಚಿಟ್ಟೆಯ (ಥ್ರಾಟಲ್ ಒಳಗೆ ತಿರುಗುವ ತಟ್ಟೆ) ಹಿಂಬದಿ ಮತ್ತು ಅದು ಮುಚ್ಚುವ ಅಂಚು ಒರೆಸಿ, ಕಪ್ಪು ಉಂಗುರ ಕಟ್ಟುವುದು ಅಲ್ಲೇ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಕೀ ಆನ್ ಇರುವಾಗ ಬೆರಳು ಹಾಕಲೇಬೇಡಿ. ಐಡಲ್ ವಾಲ್ವ್ ಬಿಚ್ಚಿದರೆ ಮೂತಿಯನ್ನು ಒತ್ತಬೇಡಿ, ಮೋಟಾರಿನೊಳಗೆ ದ್ರವ ಇಳಿಯದಂತೆ ತಲೆಕೆಳಗಾಗಿ ಹಿಡಿದು ಒರೆಸಿ, ಓ-ರಿಂಗ್ ಹೊಸದು ಹಾಕಿ. ಐಡ್ಲಿಂಗ್ ಏರಿಸಲು ಥ್ರಾಟಲ್ ಸ್ಟಾಪ್ ಸ್ಕ್ರೂ ತಿರುಗಿಸುವ ಮೆಕ್ಯಾನಿಕ್ ಸಿಕ್ಕರೆ ಕೈ ಹಿಡಿದು ನಿಲ್ಲಿಸಿ. ಚಿಟ್ಟೆ ಪೂರ್ತಿ ಮುಚ್ಚಿದ್ದು ಇಸಿಯುಗೆ ತಿಳಿಯದಿದ್ದರೆ ಅದು ಐಡ್ಲಿಂಗ್ ಹಿಡಿತವನ್ನೇ ಬಿಟ್ಟುಬಿಡುತ್ತದೆ. ಶುಚಿಯಾದ ಮೇಲೆ ಐಡ್ಲಿಂಗ್ ಒಂದೆರಡು ದಿನ ಮೇಲೆ ನಿಲ್ಲಬಹುದು. ಬಿಸಿ ಇಂಜಿನ್‌ನಲ್ಲಿ ರೇಸ್ ಕೊಡದೆ ಹತ್ತು ನಿಮಿಷ, ಆಮೇಲೆ ಎಸಿ ಹಾಕಿ ಐದು ನಿಮಿಷ ಬಿಟ್ಟರೆ ಬಹುತೇಕ ಗಾಡಿಗಳು ತಾವೇ ಕಲಿಯುತ್ತವೆ.

ಆ್ಯಪ್‌ನ "ಕ್ಲಿಯರ್" ಗುಂಡಿಯನ್ನು ಮೊದಲೇ ಒತ್ತಬೇಡಿ. ಕೋಡ್ ಜತೆಗೆ ಅದು ಬಂದ ಕ್ಷಣದ ಅಂಕಿಗಳಾದ ಫ್ರೀಜ್ ಫ್ರೇಮ್, ಲಾಂಗ್ ಟರ್ಮ್ ಟ್ರಿಮ್ ಸಹ ಅಳಿಸಿಹೋಗುತ್ತವೆ, ಮೆಕ್ಯಾನಿಕ್‌ಗೆ ತೋರಿಸಲು ಏನೂ ಉಳಿಯುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು, ರಿಪೇರಿ ಮುಗಿದ ಮೇಲೆ ಒತ್ತಿ. ಕೆಲಸವಾದ ಮೇಲೆ ಡಬ್ಬಿಯನ್ನು ಕಿತ್ತು ಗ್ಲೋವ್ ಬಾಕ್ಸ್‌ಗೆ ಹಾಕುವುದನ್ನೂ ಮರೆಯಬೇಡಿ. 16ನೇ ಪಿನ್‌ಗೆ ಬ್ಯಾಟರಿ ಸದಾ ಬರುತ್ತಿರುತ್ತದೆ, ಅಗ್ಗದ ಅಡಾಪ್ಟರ್‌ಗಳು ಮಲಗುವುದೇ ಇಲ್ಲ. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಸೆಲ್ಫ್ ಟಕ್ ಎನ್ನುತ್ತದೆ, ಅಷ್ಟೇ.